ಕಿರುಬೆರಳಿನ ವಿಚಾರ

ಬಚ್ಚಲುಮನೆಯ ಬಾಗಿಲು ನಿನ್ನೆಯಿಂದ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಚಿಲಕ ಹಾಕಿದರೂ ತಾನಾಗಿ ಜಾರಿ, ಒಂದು ಗೇಣು ತೆರೆದುಕೊಂಡು, ಒಳಗಿರುವವರ ಮಾನವನ್ನು ಹೊರಗಿರುವವರ ಮುಂದೆ ಹರಾಜಿಗಿಟ್ಟುಬಿಡುತ್ತಿತ್ತು. ಎಡಗಾಲಿನಿಂದ ಅದನ್ನು ಒತ್ತಿ ಹಿಡಿದು, ಕೊಕ್ಕರೆಯ ಹಾಗೆ ಬಲಗಾಲಿನ ಮೇಲೆ ನಿಂತು, ಮಾವ ತನ್ನ ಬಲಗೈಯ ಕಿರುಬೆರಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಬೆರಳಿನ ಒಳಮೈಯಲ್ಲಿ, ನಡುಗೆಣ್ಣಿನ ಹತ್ತಿರ, ರಕ್ತ ಹೆಪ್ಪುಗಟ್ಟಿದ ಒಂದು ಗುಳ್ಳೆ. ಮೊನ್ನೆ ಕೆಂಪಗಿತ್ತು, ನಿನ್ನೆ ನೇರಳೆಯಾಗಿತ್ತು, ಇವತ್ತು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಒತ್ತಿದರೆ ಪ್ರಾಣ ಹೋಗುವಷ್ಟು ನೋವು. ಒತ್ತದೆ ಇರುವುದೂ ಆಗದು. ಒತ್ತಿದ. ‘ಅಮ್ಮಾ’ ಅಂದ.

‘ಏನ್ರೀ ಅದು? ಮತ್ತೆ ಬಾಗಿಲಿಗೆ ಸಿಕ್ಕಿಸ್ಕೊಂಡ್ರಾ?’ ಹೊರಗಿನಿಂದ ಹೆಂಡತಿ ಕೂಗಿದಳು.

‘ಇಲ್ಲ ಮಾರಾಯ್ತಿ, ಸುಮ್ನೆ.’

‘ಬಡಗಿ ಅಷ್ಟು ಕೆತ್ತಿ ಹೋದ ಮೇಲೂ ಕಚ್ಚುತ್ತೆ ಅಂದ್ರೆ ಅದೇನು ಬಾಗಿಲೋ ನಾಯಿಯೋ?’

ಪಾಪದ ಬಾಗಿಲು. ಅದು ಹುಟ್ಟಿದಾಗಿನಿಂದ ಯಾರನ್ನೂ ಕಚ್ಚಿರಲಿಲ್ಲ. ಮೊನ್ನೆ ಮಧ್ಯಾಹ್ನ ಮಲಗುವ ಕೋಣೆಯಿಂದ ಅವನು ಬೊಬ್ಬೆ ಹಾಕಿಕೊಂಡು ಓಡಿಬಂದಾಗ, ಊಟಕ್ಕೆಂದು ಆಗಷ್ಟೇ ಮನೆಗೆ ಬಂದಿದ್ದ ಹೆಂಡತಿ ಏನಾಯ್ತು ಅಂತ ಕೇಳಿದಳು. ಎದುರಿಗೆ ಸಿಕ್ಕಿದ್ದು ಬಚ್ಚಲುಮನೆಯ ಬಾಗಿಲು, ಬಾಯಿಗೆ ಬಂದದ್ದೂ ಅದೇ. ‘ಬಾಗಿಲು, ಬಾಗಿಲು’ ಅಂದುಬಿಟ್ಟ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಮುಲಾಮು ತಂದು ಹಚ್ಚಿದಳು, ಮರುದಿನ ಬೆಳಗ್ಗೆಯೇ ಬಡಗಿಯನ್ನು ಕರೆಸಿದಳು. ಆ ಬಡಗಿ ಬಾಗಿಲನ್ನು ನಾಲ್ಕೂ ಕಡೆಯಿಂದ ತಟ್ಟಿ, ಇದರಲ್ಲಿ ಏನೂ ದೋಷವಿಲ್ಲವಲ್ಲ ಅಂತ ಎರಡು ಸಲ ಹೇಳಿದ. ಮಾವ ಅವನ ಪಕ್ಕದಲ್ಲೇ ನಿಂತು, ಬೆರಳನ್ನು ಎತ್ತಿ ತೋರಿಸಿ, ಇಲ್ಲಿ ಕೆತ್ತು, ಇನ್ನೂ ಸ್ವಲ್ಪ ಕೆತ್ತು ಅಂತ ತಾನೇ ಮುಂದೆ ನಿಂತು ಕೆತ್ತಿಸಿದ್ದ. ನಿರಪರಾಧಿಯ ಮೈಯಿಂದ ಸುರುಳಿ ಸುರುಳಿಯಾಗಿ ಹೊಟ್ಟು ಬೀಳುವಾಗ ಅವನಿಗೆ ನಿಜಕ್ಕೂ ಸಂಕಟವಾಗಿತ್ತು. ಕೆತ್ತಿದ್ದೇ ಹೆಚ್ಚಾಗಿ ಈಗ ಚಿಲಕವೂ ನಿಲ್ಲುತ್ತಿರಲಿಲ್ಲ. ಆದರೆ ನಿಜ ಹೇಳುವುದಾದರೂ ಹೇಗೆ? ಇಷ್ಟು ವಯಸ್ಸಾದ ಮನುಷ್ಯ, ತಲೆಯಲ್ಲಿ ಕಪ್ಪು ಕೂದಲು ಹುಡುಕಿದರೂ ಸಿಗದವನು, ಗುಂಡೇ ಇಲ್ಲದ ಪಿಸ್ತೂಲಿನ ಜೊತೆ ಮಂಚದ ಮುಂದೆ ಆಟವಾಡಲು ಹೋಗಿ ಬೆರಳು ಜಜ್ಜಿಕೊಂಡೆ ಅಂತ ಹೇಳಿದರೆ ಔಷಧಿ ಅಂಗಡಿಯ ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮಾವ ಅಂದರೆ ಅವನು ಯಾರಿಗೂ ಮಾವನಲ್ಲ. ಮಕ್ಕಳೇ ಇಲ್ಲದವನು ಮಾವನಾಗುವುದು ಎಲ್ಲಿಂದ? ಸಿನಿಮಾಗಳಲ್ಲಿ ಹುಡುಗಿಯ ಅಪ್ಪನ ಪಾತ್ರ ಮಾಡಿ ಮಾಡಿ, ನಾಯಕನ ಕೈಲಿ ‘ಮಾವ’ ಅನ್ನಿಸಿಕೊಂಡು ಅನ್ನಿಸಿಕೊಂಡು, ಲೈಟು ಹೊರುವವರಿಂದ ಹಿಡಿದು ನಿರ್ಮಾಪಕರ ತನಕ ಎಲ್ಲರಿಗೂ ಮಾವನಾಗಿಬಿಟ್ಟಿದ್ದ. ಹುಡುಗಿಯ ಅಪ್ಪನಿಗೆ ಸಿನಿಮಾದಲ್ಲಿ ಒಂದೇ ಕೆಲಸ. ನಾಯಕನ ಎದುರು ನಿಂತು ಬೈಯುವುದು, ಆಮೇಲೆ ನಾಯಕನ ಎದುರು ನಿಂತು ಅಳುವುದು. ಎರಡು ಸಲವೂ ಕ್ಯಾಮೆರಾ ಅವನ ಬೆನ್ನ ಹಿಂದೆ ನಿಂತು, ಅವನ ಭುಜದ ಮೇಲಿಂದ ಇಣುಕಿ, ನಾಯಕನ ಮುಖವನ್ನು ನೋಡುತ್ತಿತ್ತು. ಹೀಗಾಗಿ ಅವನ ಬಲ ಭುಜ, ಬಲ ಕಿವಿ, ಹಿಂದಲೆಯ ಬೋಳು, ಇಷ್ಟು ಮಾತ್ರ ಜನಕ್ಕೆ ಚೆನ್ನಾಗಿ ಗೊತ್ತು. ಒಂದು ಸಲ ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸೊಬ್ಬಳು ‘ಎಲ್ಲೋ ನೋಡಿದ ಹಾಗಿದೆಯಲ್ಲ’ ಅಂದಳು. ಅವನು ಸಂತೋಷದಿಂದ ತಿರುಗಿದ. ಮುಖ ನೋಡಿದವಳೇ ‘ಇಲ್ಲ, ಬೇರೆ ಯಾರೋ’ ಅಂತ ಸುಮ್ಮನಾದಳು.

ಇಂಥವನಿಗೆ ಈಗ ಒಂದು ಸಿನಿಮಾದಲ್ಲಿ ಪೊಲೀಸ್ ಅಧಿಕಾರಿಯ ಪಾತ್ರ ಬಂತು. ನಿವೃತ್ತಿ ಹತ್ತಿರ ಬಂದ ಅಧಿಕಾರಿ, ಹಳೆಯ ಗೋದಾಮಿನಲ್ಲಿ ಅಡಗಿ ಕೂತಿದ್ದಾನೆ. ಆಚೆ ಇರುವ ಕಳ್ಳ ಅವನ ಜೀವದ ಗೆಳೆಯ. ಪಿಸ್ತೂಲಿನಲ್ಲಿ ಗುಂಡು ಮುಗಿದಿದೆ. ಖಾಲಿ ಮ್ಯಾಗಜಿನ್ ಬೀಳಿಸಿ, ಅಂದರೆ ಗುಂಡು ತುಂಬುವ ಆ ಉದ್ದನೆಯ ಡಬ್ಬಿಯನ್ನು ಹಿಡಿಕೆಯಿಂದ ಕೆಳಕ್ಕೆ ಜಾರಿಸಿ, ಹೊಸದನ್ನು ಫಟ್ಟನೆ ಒಳಕ್ಕೆ ಹೊಡೆದು, ಎದ್ದು ನಿಲ್ಲಬೇಕು. ನಿಂತಾಗ ಮತ್ತೆ ಬೆನ್ನೇ ಕಾಣುವುದು, ಅದೇನೂ ಬದಲಾಗಿಲ್ಲ. ಆದರೆ ಮ್ಯಾಗಜಿನ್ ಹಾಕುವಾಗ ಮಾತ್ರ ಕೈಗಳ ಕ್ಲೋಸಪ್. ‘ಪರದೆ ತುಂಬ ನಿಮ್ಮ ಕೈ ಮಾವ, ಬೇರೇನೂ ಇಲ್ಲ’ ಅಂದಿದ್ದರು ನಿರ್ದೇಶಕರು. ಅವತ್ತು ಮನೆಗೆ ಬಂದವನೇ ಹೆಂಡತಿಗೆ ಹೇಳಿದ, ಪರದೆ ತುಂಬ ನಾನು ಕಣೇ. ಅವಳು ಪೂರ್ತಿ ಕೇಳಿ, ‘ಕೈ ತಾನೆ?’ ಅಂದಳು. ಅವಳು ಹಾಗೆಯೇ, ಎಲ್ಲ ಮಾತ್ರೆಯನ್ನೂ ಚೀಟಿ ನೋಡಿಯೇ ಕೊಡುವವಳು. ಆದರೂ ಅವತ್ತು ರಾತ್ರಿ ಊಟ ಮಾಡುವಾಗ ಅವನ ಕೈಯನ್ನು ಎರಡು ಸಲ ಕದ್ದು ನೋಡಿದ್ದನ್ನು ಅವನು ಗಮನಿಸಿದ್ದ.

ಪಿಸ್ತೂಲಿನ ಪಾಠ ಹೇಳಿದ್ದು ಸೆಟ್ಟಿನ ಬಂದೂಕುಗಳನ್ನೆಲ್ಲ ನೋಡಿಕೊಳ್ಳುವ ಮೇಷ್ಟ್ರು. ಸೈನ್ಯದಲ್ಲಿದ್ದು ಬಂದವರು, ಮೀಸೆಯನ್ನು ಮಾತ್ರ ಇನ್ನೂ ನಿವೃತ್ತಿ ಮಾಡಿರಲಿಲ್ಲ. ಗುಂಡು ಹಾರಿಸಲಾಗದ, ಆದರೆ ತೂಕದಲ್ಲಿ ಅಸಲಿಯಂತೆಯೇ ಇರುವ ಒಂದು ಪಿಸ್ತೂಲು, ಎರಡು ಮ್ಯಾಗಜಿನ್ ಕೊಟ್ಟು, ಮನೆಯಲ್ಲಿ ಅಭ್ಯಾಸ ಮಾಡಿ ಅಂದರು. ‘ನೋಡ್ರಿ, ಕೈ ನಿಮ್ದು, ಕಬ್ಬಿಣ ಅದರದ್ದು. ಇಬ್ರಿಗೂ ಜಗಳ ಬಂದ್ರೆ ಗೆಲ್ಲೋರು ಯಾರು ಅಂತ ನೀವೇ ಹೇಳಿ’ ಅಂತ ಶುರುಮಾಡಿ ಒಂದೊಂದೇ ಹೇಳಿದರು. ಉಗುರು ಕತ್ತರಿಸಿಕೊಳ್ಳಿ. ಹೆಬ್ಬೆರಳಿನ ಬುಡದ ಮಾಂಸವನ್ನು ತೀರ ಮೇಲಕ್ಕೆ ತರಬೇಡಿ, ಮೇಲಿನ ಲೋಹ ಹಿಂದಕ್ಕೆ ಸರಿಯುವಾಗ ಕೊಯ್ದುಹಾಕುತ್ತೆ. ಹೊಸ ಮ್ಯಾಗಜಿನ್ ಹಿಡಿದ ಎಡಗೈಯ ತೋರುಬೆರಳು ಅದರ ಮುಂಭಾಗಕ್ಕೆ ಒರಗಿರಲಿ, ದಾರಿ ಅದೇ ತೋರಿಸುತ್ತೆ. ಒಳಗೆ ಹೊಡೆಯುವುದು ಅಂಗೈಯ ನಡುಭಾಗದಿಂದಲ್ಲ, ಬುಡದ ಗಟ್ಟಿ ದಿಂಡಿನಿಂದ. ಮೊದಲು ನಿಧಾನವಾಗಿ, ವೇಗ ಆಮೇಲೆ. ಕೊನೆಗೆ, ಚಹಾದ ಲೋಟ ಹಿಡಿದು ಎದ್ದು ಹೋಗುತ್ತಾ, ಬೆನ್ನು ತಿರುಗಿಸಿಕೊಂಡೇ ಅಂದಿದ್ದರು, ‘ಹಾಂ, ಈ ಪಿಸ್ತೂಲಿಂದು ಹಿಡಿಕೆ ಗಿಡ್ಡ. ಕಿರುಬೆರಳು ಕೆಳಗೆ ಇಳೀಬಾರ್ದು. ಹೊಡೆಯೋ ಹೊತ್ತಿಗೆ ಬಿಡಿಸಿ ಆಚೆ ಇಡಿ.’ ಬೆನ್ನಿನಿಂದ ಮಾತಾಡುವ ಕಷ್ಟ ಮಾವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾರೂ ಕೇಳಿಸಿಕೊಳ್ಳುವುದಿಲ್ಲ. ಅವನೂ ಕೇಳಿಸಿಕೊಳ್ಳಲಿಲ್ಲ.

ಅಭ್ಯಾಸವೇನೋ ತಲೆಗೆ ಹತ್ತಿತು. ಹೆಂಡತಿ ಅಂಗಡಿಗೆ ಹೋದ ಕೂಡಲೇ ಮಂಚದ ಮೇಲೆ ದಿಂಬು ಹಾಸಿ, ಖಾಲಿ ಮ್ಯಾಗಜಿನ್ ಅದರ ಮೇಲೆ ಬೀಳುವ ಹಾಗೆ ನಿಂತು, ಟಕ್, ಧಪ್, ಫಟ್. ದಿಂಬು ತಪ್ಪಿ ನೆಲಕ್ಕೆ ಬಿದ್ದಾಗ ಕೆಳಗಿನ ಮನೆಯವರು ಕೋಲಿನಿಂದ ಮಾಡು ಕುಟ್ಟುತ್ತಿದ್ದರು. ಕೈಗೆ ಎಂಥ ಚಟ ಹತ್ತಿತೆಂದರೆ ಮೇಜಿನ ಖಾನೆಯನ್ನು ಅಂಗೈ ದಿಂಡಿನಿಂದ ಹೊಡೆದು ಮುಚ್ಚುವುದು, ಟೀವಿಯ ರಿಮೋಟಿಗೆ ಸೆಲ್ಲು ಹಾಕಿ ಫಟ್ಟನೆ ಬಡಿಯುವುದು, ಹಲ್ಲುಜ್ಜುವ ಪೇಸ್ಟಿನ ಮುಚ್ಚಳವನ್ನು ಕಣ್ಣೆತ್ತಿಯೂ ನೋಡದೆ ಬೀಳಿಸುವುದು. ‘ಮನೆ ಸಾಮಾನೆಲ್ಲ ನಿಮಗೇನು ಮಾಡಿದ್ವು?’ ಅಂತ ಹೆಂಡತಿ ಕೇಳಿದಳು. ಅವನಿಗೆ ಮಾತ್ರ ಎಷ್ಟೋ ವರ್ಷದ ಮೇಲೆ ತಾನು ಏನನ್ನೋ ಕಲಿಯುತ್ತಿದ್ದೇನೆ ಅನ್ನಿಸಿ ಒಳಗೊಳಗೇ ಉಬ್ಬಿಹೋಗಿದ್ದ. ಮೊನ್ನೆ ಹಾಗೆ ಉಬ್ಬಿದ ಹೊತ್ತಿನಲ್ಲೇ, ಇನ್ನೂ ಬೇಗ, ಇನ್ನೂ ಬೇಗ ಅಂತ ಹೊಡೆದದ್ದು. ಮ್ಯಾಗಜಿನ್ನಿನ ತಳಕ್ಕೂ ಹಿಡಿಕೆಯ ಅಂಚಿಗೂ ನಡುವೆ ಕಿರುಬೆರಳು ಅಡಕತ್ತರಿಗೆ ಸಿಕ್ಕಿದಂತೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಗುಂಡಿ ಒತ್ತಬೇಕು, ಗುಂಡಿ ಎಲ್ಲಿದೆಯೆಂದು ಆ ಕ್ಷಣಕ್ಕೆ ಮರೆತೇಹೋಯಿತು. ಪಿಸ್ತೂಲನ್ನು ಬೆರಳಿಗೆ ನೇತುಹಾಕಿಕೊಂಡು ಕೋಣೆಯೆಲ್ಲ ಕುಣಿದ ಮೇಲೆ ಹೇಗೋ ಗುಂಡಿ ಸಿಕ್ಕಿ ಬೆರಳು ಹೊರಬಂತು.

ನಿನ್ನೆ ಸೆಟ್ಟಿನಲ್ಲಿ ಇದು ಮೊದಲು ಕಣ್ಣಿಗೆ ಬಿದ್ದದ್ದು ಕಂಟಿನ್ಯುಟಿ ನೋಡುವ ಹೆಂಗಸಿಗೆ. ಮೊದಲ ದಿನ ಹಾಕಿದ್ದ ಅಂಗಿಯ ಗುಂಡಿ ಎರಡನೆಯ ದಿನವೂ ಹಾಕಿದೆಯೇ ಅಂತ ನೋಡುವುದೇ ಅವಳ ಉದ್ಯೋಗ, ಅವಳ ಕಣ್ಣಿಗೆ ಸೊಳ್ಳೆಯೂ ಲೆಕ್ಕ ಒಪ್ಪಿಸಬೇಕು. ಅವನ ಕೈಹಿಡಿದೆತ್ತಿ, ಎಲ್ಲರಿಗೂ ಕೇಳುವ ಹಾಗೆ, ‘ಅಯ್ಯೋ ಮಾವ, ಇದೇನಿದು?’ ಅಂದಳು. ‘ಬಾಗಿಲು’ ಅಂದ ಅವನು. ಈ ಸಲ ಆ ಸುಳ್ಳು ಬಾಯಲ್ಲಿ ಸಲೀಸಾಗಿ ಹೊರಳಿತು, ಬಡಗಿ ಬಂದು ಹೋದ ವಿವರವನ್ನೂ ಸೇರಿಸಿದ. ಮೇಷ್ಟ್ರ ಮುಂದೆ, ನೀವು ಹೇಳಿದ್ದನ್ನು ಕೇಳದೆ ಜಜ್ಜಿಸಿಕೊಂಡೆ ಅಂತ ಒಪ್ಪಿಕೊಳ್ಳುವುದಕ್ಕಿಂತ ಬಾಗಿಲೇ ವಾಸಿ. ನಿರ್ದೇಶಕರು ಬೆರಳನ್ನು ದೀಪಕ್ಕೆ ಹಿಡಿದು ನೋಡಿ, ಬಣ್ಣ ಬಳಿದರೆ ಊತ ಇನ್ನೂ ಎದ್ದು ಕಾಣುತ್ತದೆ ಅಂದರು. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ಚಿಕ್ಕವರು, ಬೇಜಾರಿನ ಮಾತನ್ನೂ ಮೆತ್ತಗೆ ಹೇಳುತ್ತಿದ್ದರು. ‘ನಾಳೆ ಈ ಗೋದಾಮು ಬಿಚ್ಚಬೇಕು ಮಾವ, ಕಾಯೋಕಾಗಲ್ಲ. ನಿಮ್ಮ ಕೈ ಬದಲಿಗೆ ಅಂತ ಹಸ್ತರಾಜನಿಗೆ ಹೇಳಿ ಕಳಿಸ್ತೀನಿ. ಅವನ ಕೈಲಿ ಆಗಲಿಲ್ಲ ಅಂದ್ರೆ ಕ್ಯಾಮೆರಾ ಸರಿಸಿ ನಿಮ್ಮ ಕೈಯನ್ನೇ ಎಡಗಡೆಯಿಂದ ಹೇಗೋ ತೆಗೆದುಬಿಡೋಣ.’ ರಾತ್ರಿಯೆಲ್ಲ ಮಾವನ ಕಿವಿಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ.

ಇವತ್ತು ಗೋದಾಮಿಗೆ ಬಂದಾಗ ಹಸ್ತರಾಜ ಆಗಲೇ ಬಂದು, ಕುರ್ಚಿಯಲ್ಲಿ ಕೂತು, ಬಿಳಿಯ ಹತ್ತಿಯ ಕೈಗವಸು ತೊಟ್ಟ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡಿದ್ದ. ಕೈಗಳಿಗೆ ಡ್ಯೂಪ್ ಆಗುವುದೇ ಅವನ ಕೆಲಸ. ಜಾಹೀರಾತುಗಳಲ್ಲಿ ಗಡಿಯಾರ ಕಟ್ಟಿಕೊಳ್ಳುವ ಕೈ, ಬಿಸ್ಕತ್ತು ಮುರಿಯುವ ಕೈ, ಉಂಗುರ ತೊಡಿಸುವ ಕೈ, ಎಲ್ಲ ಅವನದೇ. ಹೆಂಗಸರ ಕೈ ಸಿಗದಿದ್ದ ದಿನ ಅದೂ ಅವನದೇ, ಅಂತ ಜನ ಆಡಿಕೊಳ್ಳುತ್ತಿದ್ದರು. ಮುಖ ಮಾತ್ರ ಎಷ್ಟು ಸಾಧಾರಣವೆಂದರೆ ನೋಡುತ್ತಾ ಇದ್ದ ಹಾಗೇ ಮರೆತುಹೋಗುವಂಥದ್ದು.

‘ನಮಸ್ಕಾರ ಮಾವ. ಕೈ ಜೋಡಿಸ್ತಾ ಇಲ್ಲ, ತಪ್ಪು ತಿಳ್ಕೋಬೇಡಿ, ಈಗಷ್ಟೇ ಕ್ರೀಮ್ ಹಚ್ಚಿದ್ದೀನಿ’ ಅಂದ.

ದುರಹಂಕಾರಿ ಅಂತ ಮಾವ ಮನಸ್ಸಿನಲ್ಲೇ ತೀರ್ಮಾನಿಸಿದ. ತೀರ್ಮಾನಿಸಿದ್ದರಿಂದ ಎಷ್ಟೋ ನೆಮ್ಮದಿಯೂ ಆಯಿತು. ಅಷ್ಟರಲ್ಲಿ ಮೇಷ್ಟ್ರು ಆತುರಾತುರವಾಗಿ ಬಂದರು. ಹಿಂದುಗಡೆ ಅಂಗಳದಲ್ಲಿ ನಾಯಕನ ಜೀಪು ಸಿಡಿಯುವ ದೃಶ್ಯಕ್ಕೆ ಮದ್ದು ಜೋಡಿಸುತ್ತಿದ್ದರಂತೆ, ಅಲ್ಲಿಂದ ಕದಲುವ ಹಾಗಿಲ್ಲ. ಪಿಸ್ತೂಲು ಖಾಲಿ ಇದೆಯೆಂದು ಇಬ್ಬರಿಗೂ ತೆಗೆದು ತೋರಿಸಿ, ಮಾವನ ಕೈಗೆ ಕೊಟ್ಟರು. ‘ಇಷ್ಟು ದಿನ ಅಭ್ಯಾಸ ಮಾಡಿದ್ದೀರಲ್ಲ, ನೀವೇ ಹೇಳ್ಕೊಡ್ರಿ. ಎಲ್ಲ ಹೇಳಿದ್ದೀನಿ ತಾನೆ? ಅದನ್ನೇ ಹೇಳಿದ್ರಾಯ್ತು’ ಅಂದು ಹೊರಟೇಹೋದರು.

ತನ್ನ ಶಾಟನ್ನು ಕಿತ್ತುಕೊಳ್ಳಲು ಬಂದವನಿಗೆ ತಾನೇ ಪಾಠ ಹೇಳಬೇಕು! ಇಂಥ ಅವಮಾನವನ್ನು ಕಥೆ ಬರೆಯುವವರೂ ಯೋಚಿಸಲಾರರು ಅನ್ನಿಸಿತು. ಆದರೆ ಪಿಸ್ತೂಲು ಕೈಗೆ ಬಂದ ಕೂಡಲೇ ಕೈ ತನ್ನಷ್ಟಕ್ಕೆ ಕೆಲಸ ಶುರುಮಾಡಿತು, ಬಾಯಿಯೂ ಅದರ ಹಿಂದೆ ಹೊರಟಿತು. ಒಳ್ಳೆಯ ಶಿಷ್ಯ ಸಿಕ್ಕಿದರೆ ಗುರುವಿಗೆ ಹಟ ನೆನಪಿರುವುದಿಲ್ಲ. ಹಸ್ತರಾಜ ಕೈಗವಸು ಕಳಚಿದಾಗ ಮಾವ ಬಗ್ಗಿ ನೋಡಿದ. ಎಂಥ ಕೈಗಳವು! ಒಂದು ಗೀರಿಲ್ಲ, ಒಂದು ಕಲೆಯಿಲ್ಲ, ಗೆಣ್ಣುಗಳು ಅಳೆದು ಇಟ್ಟಂತೆ ಕೂತಿದ್ದವು. ವಯಸ್ಸಾದ ಅಧಿಕಾರಿಯ ಕೈಯಾಗಲೆಂದು ಮೇಕಪ್ಪಿನವರು ಅದಕ್ಕೆ ನರ, ಸುಕ್ಕು ಎಲ್ಲ ಬಿಡಿಸಬೇಕಿತ್ತು. ತನ್ನ ಕೈಯಲ್ಲಿ ಪುಕ್ಕಟೆಯಾಗಿ ಇದ್ದದ್ದನ್ನು ಅವನ ಕೈಗೆ ಬಣ್ಣದಲ್ಲಿ ಬರೆಯುತ್ತಾರೆ.

‘ಏಟು ಬೀಳುತ್ತಾ ಮಾವ ಇದರಲ್ಲಿ?’ ಹಸ್ತರಾಜ ಮೊದಲು ಕೇಳಿದ್ದೇ ಅದು. ದನಿ ಸಣ್ಣಗಿತ್ತು.

‘ಸರಿಯಾಗಿ ಮಾಡಿದ್ರೆ ಏನೂ ಆಗಲ್ಲ.’

‘ಅಲ್ಲ, ನನಗೆ ಒಂದು ಗೀರು ಬಿದ್ರೂ ತಿಂಗಳುಗಟ್ಟಲೆ ಮನೇಲಿ ಕೂರಬೇಕು. ನನ್ನ ಹೆಂಡತಿ ಡಬ್ಬಿ ಮುಚ್ಚಳಾನೂ ತೆಗೆಯೋಕೆ ಬಿಡಲ್ಲ. ತರಕಾರಿ ಹೆಚ್ಚೋದು ನಮ್ಮತ್ತೆ, ಗಿಡಕ್ಕೆ ನೀರು ಹಾಕೋದು ನಮ್ಮತ್ತೆ. ನಾನು ಮನೇಲಿ ಹೊಸ ಮದುಮಗನ ಥರ ಕೂತಿರ್ತೀನಿ. ಸಾಕಪ್ಪಾ ಸಾಕು ಅನ್ಸಿದೆ.’

ಮಾವ ಹೇಳುತ್ತಾ ಹೋದ. ಉಗುರು ನೋಡಿದ, ಅವು ಆಗಲೇ ಕತ್ತರಿಸಿ ಹೊಳೆಯುತ್ತಿದ್ದವು. ಹೆಬ್ಬೆರಳಿನ ಬುಡವನ್ನು ಕೆಳಕ್ಕೆ ಸರಿಸಿ ಕೂರಿಸಿದ. ತೋರುಬೆರಳು ಕುದುರೆಗೆ, ಅಂದರೆ ಟ್ರಿಗರಿಗೆ, ತಾಗದೆ ನೀಟಾಗಿ ಹೊರಗಿರಬೇಕು ಅಂದ. ಎಡಗೈಯ ತೋರುಬೆರಳು ಮ್ಯಾಗಜಿನ್ನಿನ ಮುಂಭಾಗಕ್ಕೆ, ಅಂಗೈಯ ದಿಂಡಿನಿಂದ ಏಟು, ನಡುಭಾಗದಿಂದ ಹೊಡೆದರೆ ಚರ್ಮ ಕೀಳುತ್ತದೆ. ಮೇಷ್ಟ್ರ ಮಾತು ಒಂದೊಂದಾಗಿ ತನ್ನದೇ ಮಾತೆಂಬಂತೆ ಬರುತ್ತಿತ್ತು. ಹಸ್ತರಾಜ ಪ್ರತಿಯೊಂದಕ್ಕೂ ತಲೆಯಾಡಿಸಿ, ಮತ್ತೆ ಮಾಡಿ ತೋರಿಸುತ್ತಿದ್ದ. ಇನ್ನು ಉಳಿದದ್ದು ಒಂದೇ. ಅದು ನಾಲಿಗೆಯ ತುದಿಗೆ ಬಂದು ನಿಂತಿತು. ಮಾವ ಬಾಯಿ ತೆರೆದ. ನಿರ್ದೇಶಕರ ಮಾತು ಕಿವಿಯಲ್ಲಿ ಕೇಳಿಸಿತು. ಎಡಗಡೆಯಿಂದ ಹೇಗೋ ತೆಗೆದುಬಿಡೋಣ. ಬಾಯಿ ಮುಚ್ಚಿದ. ಮೇಜಿನ ಮೇಲಿದ್ದ ನೀರಿನ ಬಾಟಲಿ ಎತ್ತಿ ಗಟಗಟ ಕುಡಿದ. ಮಾತು ನೀರಿನ ಜೊತೆಗೆ ಕೆಳಗಿಳಿದುಹೋಯಿತು.

‘ಅಷ್ಟೇನಾ?’

‘ಅಷ್ಟೇ’ ಅಂದ ಮಾವ.

ದೀಪ ಜೋಡಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಇವತ್ತು ಮಾತ್ರ ಅದು ಮುಗಿಯಲೇ ಇಲ್ಲ. ಮರದ ಪೆಟ್ಟಿಗೆಯೊಂದರ ಮೇಲೆ ಕೂತು ತನ್ನ ಪರವಾಗಿ ತಾನೇ ವಾದ ಹೂಡಿದ. ಸುಳ್ಳೇನೂ ಹೇಳಿಲ್ಲ, ಹೇಳದೆ ಬಿಟ್ಟದ್ದು ಸುಳ್ಳಾಗುವುದಿಲ್ಲ. ನನಗೆ ಹೇಳಿದವರೂ ಬೆನ್ನು ತಿರುಗಿಸಿಕೊಂಡೇ ಹೇಳಿದ್ದಲ್ಲವೇ? ಅವನ ಬೆರಳು ಚಿಕ್ಕದು, ಕೆಳಕ್ಕೆ ಇಳಿಯದೆಯೂ ಇರಬಹುದು. ಇಳಿದರೂ ಸಿಕ್ಕದೆ ಇರಬಹುದು. ಸಿಕ್ಕಿದರೂ ಒಂದು ಗುಳ್ಳೆ ತಾನೆ, ನನಗೇನು ಪ್ರಾಣ ಹೋಯಿತೇ? ಗುಳ್ಳೆಯನ್ನು ಒತ್ತಿ ನೋಡಿದ. ಪ್ರಾಣ ಹೋಗುವಷ್ಟೇ ನೋಯಿತು. ಕಣ್ಣಿನಲ್ಲಿ ನೀರು ಬಂತು, ಆ ನೀರು ನೋವಿನದೋ ಬೇರೆಯದೋ ತಿಳಿಯಲಿಲ್ಲ. ಇದೇ ಬೆರಳಿಗೆ ಹೆಂಡತಿ ಊದಿ ಊದಿ ಮುಲಾಮು ಹಚ್ಚಿದ್ದಳು, ಅಂಗಡಿಯಲ್ಲಿ ಗಿರಾಕಿಗಳಿಗೆ ಕೊಡುವ ಸ್ಯಾಂಪಲ್ ಟ್ಯೂಬು ಬೇಡವೆಂದು ಒಳ್ಳೆಯದನ್ನೇ ತಂದಿದ್ದಳು. ‘ಈ ಕೈಯೇ ಬೇಕಿತ್ತಾ ಅದಕ್ಕೆ, ಇನ್ನೊಂದು ಇರಲಿಲ್ವಾ?’ ಅಂತ ಬಾಗಿಲಿಗೆ ಬೈದಿದ್ದಳು. ಅವಳಿಗೂ ಈ ಕೈ ಪರದೆಯ ಮೇಲೆ ಬರಬೇಕು ಅಂತ ಆಸೆಯಿತ್ತು, ಬಾಯಿಬಿಟ್ಟು ಹೇಳುವವಳಲ್ಲ ಅಷ್ಟೆ. ಅವಳಿಗಾಗಿಯಾದರೂ ಅಂದುಕೊಂಡ. ಅಂದುಕೊಂಡ ಕೂಡಲೇ, ತಾನು ಮಾಡುವ ಹಲ್ಕಾ ಕೆಲಸಕ್ಕೆ ಅವಳನ್ನು ಎಳೆದು ತಂದೆನಲ್ಲ ಅಂತ ಇನ್ನೂ ನಾಚಿಕೆಯಾಯಿತು.

ಹಸ್ತರಾಜ ಬಂದು ಪಕ್ಕದ ಪೆಟ್ಟಿಗೆಯ ಮೇಲೆ ಕೂತ. ಕೈಗೆ ಸುಕ್ಕು ಬರೆದು ಮುಗಿಸಿದ್ದರು. ಆ ಮುದಿ ಕೈಗಳನ್ನು ಮುಂದಕ್ಕೆ ಚಾಚಿ, ಬಣ್ಣ ಒಣಗಲೆಂದು ಗಾಳಿಗೆ ಹಿಡಿದುಕೊಂಡು, ತಾನಾಗಿ ಮಾತಾಡತೊಡಗಿದ. ‘ನನ್ನ ಮಗಳಿದ್ದಾಳೆ ಮಾವ, ಚಿಕ್ಕವಳು. ಅಂಗಡಿಗೆ ಕರ್ಕೊಂಡು ಹೋದ್ರೆ ಬಿಸ್ಕತ್ತಿನ ಪೊಟ್ಟಣದ ಮೇಲಿರೋ ಕೈ ತೋರಿಸಿ ಅಪ್ಪ ಅಪ್ಪ ಅಂತಾಳೆ. ಅಂಗಡಿಯವನು ನನ್ನ ಮುಖ ನೋಡ್ತಾನೆ, ಪೊಟ್ಟಣ ನೋಡ್ತಾನೆ, ಪಾಪ ಮಗೂಗೆ ಏನೋ ಆಗಿದೆ ಅನ್ನೋ ಥರ ಅವಳನ್ನ ನೋಡ್ತಾನೆ.’ ತಾನೇ ನಕ್ಕ. ‘ನಿಮ್ಮನ್ನ ಜನ ಗುರುತು ಹಿಡೀತಾರೆ, ಅಲ್ವಾ?’

‘ಹಿಂದಿನಿಂದ’ ಅಂದ ಮಾವ.

ಹಸ್ತರಾಜ ಮತ್ತೆ ನಕ್ಕ. ಮಾವನಿಗೂ ನಗು ಬಂತು, ಬರಬಾರದಿತ್ತು. ದುರಹಂಕಾರಿಯಾಗಿ ಉಳಿದುಕೊಂಡಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಈಗ ಹೇಳಿಬಿಡಬೇಕು ಅನ್ನಿಸಿತು. ಆದರೆ ಹೇಳಬೇಕಾದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಅನ್ನುವುದನ್ನೂ ಹೇಳಬೇಕಲ್ಲ. ಬೆಳಗ್ಗೆ ಹೇಳಿದ್ದರೆ ಅದು ಪಾಠ, ಈಗ ಹೇಳಿದರೆ ತಪ್ಪೊಪ್ಪಿಗೆ. ಗಂಟಲು ಸರಿಮಾಡಿಕೊಂಡು, ‘ನೋಡಿ, ಇನ್ನೊಂದು ವಿಷಯ’ ಅಂದ. ಅಷ್ಟರಲ್ಲಿ ‘ಶಾಟ್ ರೆಡಿ’ ಅಂತ ಕೂಗಿದರು, ಹಸ್ತರಾಜ ಎದ್ದ. ‘ಏನು ಮಾವ?’ ಅಂತ ತಿರುಗಿ ಕೇಳಿದ. ‘ಏನಿಲ್ಲ, ಚೆನ್ನಾಗಿ ಮಾಡಿ’ ಅಂದ ಮಾವ. ಅಂದ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಮೊದಲು ನಿಧಾನವಾಗಿ ತಾಲೀಮು ಮಾಡಿಸಿದರು. ಹಸ್ತರಾಜ ಒಂದು ಪೆಟ್ಟಿಗೆಯ ಹಿಂದೆ ಮಂಡಿಯೂರಿ ಕೂತ, ಕ್ಯಾಮೆರಾ ಅವನ ಕೈಗೆ ಮೂಗು ತಾಗಿಸುವಷ್ಟು ಹತ್ತಿರ ಬಂತು. ನಿಧಾನಕ್ಕೆ ಮಾಡಿದಾಗ ಏನೂ ಆಗುವುದಿಲ್ಲ, ಅದು ಮಾವನಿಗೆ ಗೊತ್ತಿತ್ತು. ಮ್ಯಾಗಜಿನ್ ಮೆಲ್ಲಗೆ ಒಳಕ್ಕೆ ಹೋಗಿ, ದಾರಿಯಲ್ಲಿದ್ದ ಬೆರಳನ್ನು ಮರ್ಯಾದೆಯಿಂದ ಪಕ್ಕಕ್ಕೆ ತಳ್ಳಿ ಕೂರುತ್ತದೆ. ಒಂದು ಸಲ ಹೀಗಾಯಿತು, ಇನ್ನೊಂದು ಸಲವೂ ಹೀಗೇ ಆಯಿತು. ‘ಭೇಷ್. ಈಗ ಟೇಕಲ್ಲಿ ಒಂದೇ ಏಟು, ಜೋರಾಗಿ. ಜೀವ ಹೋಗೋ ಹೊತ್ತು ಅದು, ನೆನಪಿರಲಿ’ ಅಂದರು ನಿರ್ದೇಶಕರು. ಮಾವ ಪೊಲೀಸ್ ಸಮವಸ್ತ್ರದಲ್ಲಿ, ಕ್ಯಾಮೆರಾದ ಪಕ್ಕದಲ್ಲಿ, ಯಾರಿಗೂ ಬೇಡವಾದವನಂತೆ ನಿಂತಿದ್ದ. ಮುಂದಿನ ಶಾಟಿಗೆ ಅವನ ಬೆನ್ನು ಬೇಕಿತ್ತು.

‘ಆಕ್ಷನ್.’

ಖಾಲಿ ಮ್ಯಾಗಜಿನ್ ಕೆಳಗೆ ಬಿತ್ತು. ಸುಕ್ಕು ಬರೆದ ಎಡಗೈ ಸೊಂಟದ ಕಡೆ ಹೋಯಿತು, ಹೊಸದನ್ನು ಎಳೆಯಿತು, ತೋರುಬೆರಳು ಮುಂಭಾಗಕ್ಕೆ ಒರಗಿತು, ಎಲ್ಲ ಹೇಳಿಕೊಟ್ಟ ಹಾಗೇ ನಡೆಯುತ್ತಿತ್ತು. ಬಲಗೈಯಲ್ಲಿ ಪಿಸ್ತೂಲನ್ನು ಬಿಗಿಹಿಡಿದಿದ್ದ. ಬಿಗಿಹಿಡಿದದ್ದಕ್ಕೇ ಕಿರುಬೆರಳು ಜಾಗ ಸಾಲದೆ ಮೆಲ್ಲಗೆ ಕೆಳಕ್ಕೆ ಜಾರಿ, ಗಿಡ್ಡ ಹಿಡಿಕೆಯ ಅಂಚಿನ ಅಡಿಗೆ ಮಡಿಸಿಕೊಂಡಿತು. ಎಷ್ಟು ನಂಬಿಕೆಯಿಂದ ಮಡಿಸಿಕೊಂಡಿತು ಅಂದರೆ, ಅದನ್ನು ನೋಡಿದ ಮಾವ ಒಂದು ಹೆಜ್ಜೆ ಮುಂದಕ್ಕೆ ಬಂದ. ಎಡಗೈ ಮೇಲಕ್ಕೆ ಬರುತ್ತಿತ್ತು.

‘ಕಿರುಬೆರಳು!’ ಅಂತ ಕಿರುಚಿದ.

ಹುಡುಗಿಯ ಅಪ್ಪನಾಗಿ ಎಷ್ಟು ಸಿನಿಮಾಗಳಲ್ಲಿ ಕಿರುಚಿದ್ದನೋ, ಇಂಥ ದನಿ ಅವನ ಗಂಟಲಿನಿಂದ ಎಂದೂ ಬಂದಿರಲಿಲ್ಲ. ಮೇಲೆ ದೀಪ ಹಿಡಿದವನು ಬೆಚ್ಚಿದ, ಕಂಟಿನ್ಯುಟಿಯ ಹೆಂಗಸಿನ ಪೆನ್ನು ಕೆಳಗೆ ಬಿತ್ತು. ಹಸ್ತರಾಜ ಮಾತ್ರ ತಲೆಯೆತ್ತಲಿಲ್ಲ. ಕೈಯನ್ನೇ ನಂಬಿ ಬದುಕುವವನ ಕೈ ಅವನಿಗಿಂತ ಮೊದಲೇ ಕೇಳಿಸಿಕೊಂಡಿತು. ಕಿರುಬೆರಳು ಬಿಸಿ ತಾಗಿದಂತೆ ಚಟ್ಟನೆ ಬಿಡಿಸಿಕೊಂಡು ಆಚೆ ನಿಂತಿತು, ಮ್ಯಾಗಜಿನ್ ಫಟ್ಟನೆ ಒಳಗೆ ಕೂತಿತು, ಬೆರಳು ಮತ್ತೆ ತನ್ನ ಜಾಗಕ್ಕೆ ಬಂದು ಹಿಡಿಕೆಯನ್ನು ಸುತ್ತಿತು. ಮೇಷ್ಟ್ರೇ ಮಾಡಿದ್ದರೂ ಇಷ್ಟು ಚೆಂದವಾಗಿ ಬರುತ್ತಿರಲಿಲ್ಲ.

‘ಕಟ್! ಯಾರ್ರೀ ಅದು ಕೂಗಿದ್ದು?’ ಅಂದರು ನಿರ್ದೇಶಕರು. ಆಮೇಲೆ ಪುಟ್ಟ ಪರದೆಯಲ್ಲಿ ಶಾಟನ್ನು ಇನ್ನೊಮ್ಮೆ ನೋಡಿ, ‘ಹೋಗ್ಲಿ ಬಿಡಿ, ಶಬ್ದ ಹೇಗೂ ಆಮೇಲೆ ಹಾಕ್ತೀವಿ. ಆ ಬೆರಳು ಎದ್ದು ನಿಂತಿದ್ದು ನೋಡ್ರೋ, ಎಂಥ ನಟನೆ! ಓಕೆ’ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನೂ ತಟ್ಟಿದ, ಗುಳ್ಳೆಯಿದ್ದ ಬೆರಳನ್ನು ಹೊರಗಿಟ್ಟು. ತನ್ನ ಶಾಟು ಕೈತಪ್ಪಿ ಹೋಯಿತು ಅಂತ ಬೇಸರವಾಯಿತು. ಆದರೂ ಎದೆ ಹಗುರವಾಗಿತ್ತು. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಅಂತ ಅವನಿಗೆ ಅರ್ಥವಾಗಲಿಲ್ಲ.

ಹಸ್ತರಾಜ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಸೀದಾ ಅವನ ಕಡೆಗೇ ಬಂದ. ಹತ್ತಿರ ಬಂದು, ದನಿ ತಗ್ಗಿಸಿ, ‘ದೊಡ್ಡ ಉಪಕಾರ ಮಾಡಿದ್ರಿ ಮಾವ’ ಅಂದ. ಮಾವ ‘ಪರವಾಗಿಲ್ಲ’ ಅನ್ನುವಷ್ಟರಲ್ಲಿ ಹಸ್ತರಾಜನ ಕಣ್ಣು ಮಾವನ ಬಲಗೈಯ ಮೇಲೆ ಬಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಕೈಗಳ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಗುಳ್ಳೆ ಎಲ್ಲಿದೆ, ಯಾವ ಗೆಣ್ಣಿನ ಯಾವ ಮಗ್ಗುಲಲ್ಲಿದೆ ಅಂತ ನೋಡಿದ. ತನ್ನ ಕಿರುಬೆರಳನ್ನು ಅದೇ ರೀತಿ ಮಡಿಸಿ ನೋಡಿಕೊಂಡ.

‘ಬಾಗಿಲು ಅಂದ್ರಲ್ಲ ಎಲ್ಲರೂ?’

ಮಾವ ಸಮವಸ್ತ್ರದ ಕಾಲರು ಸರಿಮಾಡಿಕೊಂಡ.

‘ಬೆಳಗ್ಗೆ ಇದೊಂದು ಹೇಳಲಿಲ್ಲ ನೀವು.’

‘ಮರೆತುಹೋಗಿತ್ತು’ ಅಂದ ಮಾವ.

ಹಸ್ತರಾಜ ಗುಳ್ಳೆಯನ್ನು ನೋಡಿದ, ಮತ್ತೆ ಅವನ ಮುಖ ನೋಡಿದ. ‘ಇದನ್ನ ಮರೆಯೋಕಾಗುತ್ತಾ ಮಾವ?’ ಅಂತ ಮೆತ್ತಗೆ ಕೇಳಿದ. ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳುವವನ ಹಾಗೆ ಕೇಳಿದ. ಬೈದಿದ್ದರೆ ಮಾವ ಹೇಗೋ ತಡೆದುಕೊಳ್ಳುತ್ತಿದ್ದ, ಬೈಸಿಕೊಂಡು ಅವನಿಗೆ ಅಭ್ಯಾಸವಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯ್ಬಿಟ್ಟರೂ ಗೋದಾಮಿನ ಕಾಂಕ್ರೀಟು ನೆಲ, ಎಲ್ಲಿಗೆ ಹೋಗುವುದು?

‘ಮಾವ! ಅಲ್ಲಾಡಬೇಡಿ!’ ನಿರ್ದೇಶಕರು ಕೂಗುತ್ತಾ ಬಂದರು. ಎರಡೂ ಅಂಗೈಗಳನ್ನು ಚೌಕಟ್ಟಿನಂತೆ ಹಿಡಿದು ಅವನ ಮುಖದ ಮುಂದೆ ಇಟ್ಟು ನೋಡಿದರು. ‘ಏ, ಕ್ಯಾಮೆರಾ ಈ ಕಡೆ ತಿರುಗಿಸ್ರೋ. ಲೈಟು ಬನ್ನಿ, ಬೇಗ. ಮಾವ, ಹಾಗೇ ಇರಿ, ಕೈ ಮುಗೀತೀನಿ. ಪರದೆ ಮೇಲೆ ಕೈ ತೋರಿಸಿದ ಮೇಲೆ ಮುಂದೇನು ತೋರಿಸೋದು ಅಂತ ಒದ್ದಾಡ್ತಿದ್ದೆ. ಜೀವದ ಗೆಳೆಯನ ಮೇಲೆ ಪಿಸ್ತೂಲು ತುಂಬಿದವನ ಮುಖ ಹೇಗಿರುತ್ತೆ? ಹೀಗೇ ಇರುತ್ತೆ. ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ದಿನ ಈ ಮುಖಾನ?’

ಗೋದಾಮಿನ ದೀಪಗಳೆಲ್ಲ ಒಂದೊಂದಾಗಿ ಅವನ ಕಡೆಗೆ ತಿರುಗಿದವು. ಕ್ಯಾಮೆರಾ ಹಳಿಯ ಮೇಲೆ ಉರುಳಿಕೊಂಡು ಬಂದು, ಭುಜವನ್ನು ದಾಟಿ, ಕಿವಿಯನ್ನು ದಾಟಿ, ಅವನ ಎದುರಿಗೆ ಬಂದು ನಿಂತಿತು. ಎಷ್ಟು ವರ್ಷ ಕಾದಿದ್ದ ಇದಕ್ಕೆ! ಕನ್ನಡಿಯ ಮುಂದೆ ಈ ಹೊತ್ತಿಗಾಗಿ ಎಂತೆಂಥ ಮುಖಗಳನ್ನು ಮಾಡಿ ಇಟ್ಟುಕೊಂಡಿದ್ದ, ಗಂಭೀರವಾದದ್ದು, ಕರುಣೆಯದು, ಅರ್ಧ ನಗುವಿನದು. ಒಂದಾದರೂ ಕೈಗೆ ಸಿಗಲಿಲ್ಲ. ಈಗ ಇದ್ದ ಮುಖವನ್ನು ಮಾತ್ರ ಯಾರಾದರೂ ಒರೆಸಿಬಿಟ್ಟರೆ ಸಾಕಿತ್ತು. ಮೇಕಪ್ಪಿನವಳು ಬಟ್ಟೆ ಹಿಡಿದು ಓಡಿಬಂದಳು, ನಿರ್ದೇಶಕರು ‘ಮುಟ್ಟಬೇಡ ಅವರನ್ನ’ ಅಂತ ಗದರಿ ಕಳಿಸಿದರು.

‘ನೋಟ ಎಲ್ಲಿಗೆ ಕೊಡ್ಲಿ ಸಾರ್?’ ಮಾವ ಕೇಳಿದ.

ನಿರ್ದೇಶಕರು ಸುತ್ತ ನೋಡಿ, ಹಸ್ತರಾಜನ ತೋಳು ಹಿಡಿದು ಕರೆದುಕೊಂಡು ಬಂದು ಕ್ಯಾಮೆರಾದ ಪಕ್ಕದಲ್ಲಿ ನಿಲ್ಲಿಸಿದರು. ‘ಇವರೇ ನಿಮ್ಮ ಗೆಳೆಯ ಅಂದ್ಕೊಳ್ಳಿ. ಇವರನ್ನೇ ನೋಡ್ತಾ ಇರಿ, ನಾನು ಕಟ್ ಅನ್ನೋ ತನಕ ಕಣ್ಣು ತೆಗೀಬೇಡಿ.’

ಬೇರೆ ಎಲ್ಲಿಯಾದರೂ ನೋಡುತ್ತೇನೆ, ಗೋಡೆ ನೋಡುತ್ತೇನೆ ಅನ್ನಬೇಕೆಂದಿದ್ದ. ಕ್ಯಾಮೆರಾ ಆಗಲೇ ಓಡತೊಡಗಿತ್ತು. ಹಸ್ತರಾಜ ತನ್ನ ಆ ಸಾಧಾರಣ ಮುಖದಲ್ಲಿ ಒಂದಿಷ್ಟೂ ನಗದೆ ಅವನನ್ನೇ ನೋಡುತ್ತಾ ನಿಂತ. ಆಮೇಲೆ, ಸಹಾಯವಾಗಲಿ ಅಂತಲೋ ಏನೋ, ಬಲಗೈ ಎತ್ತಿ, ಏನೂ ಆಗದೆ ಉಳಿದ ತನ್ನ ಕಿರುಬೆರಳನ್ನು ಲೆನ್ಸಿನ ಪಕ್ಕಕ್ಕೆ, ಸರಿಯಾಗಿ ಅವನ ಕಣ್ಣಿನ ನೇರಕ್ಕೆ ಹಿಡಿದ.

‘ಇಲ್ಲಿ ನೋಡಿ ಮಾವ’ ಅಂದ.

ಮಾವ ನೋಡಿದ.